ಹೆಸರು ಹಿಡಿದು ಕರೆದರೆ

ನಾನು ಸತ್ತಷ್ಟು ಸಲ ಬ್ಯಾಂಕಾಕಿನಲ್ಲಿ ಇನ್ನಾರೂ ಸತ್ತಿಲ್ಲ. ಬಾವಿಗೆ ಬಿದ್ದಿದ್ದೇನೆ, ನೇಣು ಹಾಕಿಕೊಂಡಿದ್ದೇನೆ, ಸೊಸೆ ಕೊಟ್ಟ ವಿಷ ಕುಡಿದಿದ್ದೇನೆ, ಆಮೇಲೆ ದೆವ್ವವಾಗಿ ಎದ್ದು ಬಂದು ಅದೇ ಸೊಸೆಯ ಕುತ್ತಿಗೆ ಹಿಸುಕಿದ್ದೇನೆ. ದೆವ್ವವಾಗದ ದಿನ ಮನೆಗೆಲಸದವಳಾಗಿರುತ್ತೇನೆ. ನನ್ನಂಥ ಮೂಗು, ನನ್ನಂಥ ಬಣ್ಣ ಇರುವ ಹೆಂಗಸಿಗೆ ಟೀವಿ ಧಾರಾವಾಹಿಯಲ್ಲಿ ಇರುವುದು ಇವೆರಡೇ ಉದ್ಯೋಗ. ಸಂಗ್ವಾನ್ ಎಂಬ ನನ್ನ ಹೆಸರು ನಿಮಗೆ ಗೊತ್ತಿರಲಾರದು, ಮುಖ ನೋಡಿದರೆ ಮಾತ್ರ ‘ಅಯ್ಯೋ, ಇವಳಾ!’ ಅನ್ನುತ್ತೀರಿ. ಇರಲಿ. ಈಗ ಹೇಳಹೊರಟಿರುವುದು ಹೆಸರೂ ಗೊತ್ತಿಲ್ಲದ, ಮುಖವೂ ಗೊತ್ತಿಲ್ಲದ ಒಬ್ಬಳ ವಿಷಯ.

ಅವಳು ಸೈಫಿನ್. ಎಲ್ಲರೂ ಫಿನ್ ಅನ್ನುತ್ತಿದ್ದರು. ಲಾಡ್‌ಪ್ರಾವ್ ರಸ್ತೆಯ ಒಂದು ಗಲ್ಲಿಯಲ್ಲಿ ಅಜಾನ್ ವಿಮೊನ್ ಎಂಬ ದೊಡ್ಡ ಲೇಖಕಿಯ ಮನೆಯಿದೆ. ಅಜಾನ್ ಅಂದರೆ ಗುರುಗಳು. ಸಂಜೆ ವಾರ್ತೆಯಾದ ಮೇಲೆ ದೇಶವೆಲ್ಲ ಬಾಯಿ ಬಿಟ್ಟುಕೊಂಡು ನೋಡುವ ಧಾರಾವಾಹಿಗಳು ಆ ಮನೆಯ ಉದ್ದನೆಯ ಮೇಜಿನ ಮೇಲೆ ಹುಟ್ಟುತ್ತವೆ. ಮೇಜಿನ ತಲೆಗೆ ಅಜಾನ್, ಅಕ್ಕಪಕ್ಕ ಇಂಗ್ಲಿಷ್ ಓದಿಕೊಂಡ ಹುಡುಗ ಹುಡುಗಿಯರು, ತೀರಾ ಕೊನೆಗೆ ಅಡುಗೆಮನೆ ಬಾಗಿಲ ಪಕ್ಕ ಫಿನ್. ಎಲ್ಲರೂ ಬರೆಯುತ್ತಾರೆ, ಟೀವಿಯಲ್ಲಿ ಮಾತ್ರ ‘ಬರೆದವರು: ವಿಮೊನ್’ ಎಂದು ಒಂದೇ ಸಾಲು ಬರುತ್ತದೆ.

ಫಿನ್ ದೇಶದ ಈಶಾನ್ಯ ಮೂಲೆಯ ಈಸಾನ್ ಕಡೆಯವಳು, ಯಸೋತೊನ್ ಜಿಲ್ಲೆ. ಆ ಕಡೆಯವರ ಮಾತೇ ಬೇರೆ ಓಟದ್ದು. ಬ್ಯಾಂಕಾಕಿನ ಜನಕ್ಕೆ ಅದು ಕಿವಿಗೆ ಬಿದ್ದರೆ ಸಾಕು, ನಗು. ಅದಕ್ಕೇ ನಮ್ಮ ಧಾರಾವಾಹಿಗಳಲ್ಲಿ ಆ ಮಾತು ಆಡುವವರು ಒಂದೋ ಕೆಲಸದವಳು, ಇಲ್ಲವೇ ಕುಡುಕ ಡ್ರೈವರು, ಇಲ್ಲವೇ ದೆವ್ವ. ಪ್ರೀತಿ ಪ್ರೇಮ, ಕೋರ್ಟು ಕಚೇರಿ, ಬಂಗಲೆಯ ಜಗಳ ಇವೆಲ್ಲ ಬೇರೆಯವರ ಪಾಲು. ಕಥೆಯೊಳಗೆ ಕೆಲಸದವಳು ಕಾಲಿಟ್ಟಳೋ, ಮೇಜಿನ ಆ ತುದಿಯಿಂದ ಯಾರಾದರೂ ಕೂಗುತ್ತಿದ್ದರು: “ಏ ಅಡುಗೆಮನೆ ಫಿನ್, ನಿಮ್ಮೋರು ಬಂದ್ರು ನೋಡೇ!”

ಅವಳಿಗೊಂದು ಚಟವಿತ್ತು. ಬರೆದ ಪ್ರತಿ ಕೆಲಸದವಳಿಗೂ ಒಂದು ಊರು ಕೊಡುತ್ತಿದ್ದಳು, ಆ ಊರಲ್ಲಿ ಅವಳಿಗಾಗಿ ಕಾಯುವ ಏನೋ ಒಂದನ್ನು ಇಡುತ್ತಿದ್ದಳು. ಹುಣಸೆಮರವೋ, ಹಲ್ಲು ಬೀಳುತ್ತಿರುವ ಮಗಳೋ. ನೆಲ ಒರೆಸುತ್ತಲೇ ಆ ಕೆಲಸದವಳು ಯಜಮಾನಿಗೆ, ‘ಮರ ಹೂಬಿಟ್ಟಿರಬೇಕಮ್ಮ’ ಅನ್ನುತ್ತಿದ್ದಳು. ಅಜಾನ್ ಕೆಂಪು ಗೀಟು ಎಳೆದು, “ಕೆಲಸದವಳಿಗೆ ಮರ ಯಾಕಮ್ಮ? ಕಾಫಿ ಇಟ್ಟು ಹೋಗ್ಲಿ” ಅನ್ನುವರು. ಆದರೂ ಅಲ್ಲೊಂದು ಇಲ್ಲೊಂದು ಗೀಟಿಗೆ ಸಿಗದೆ ನನ್ನ ಬಾಯಿಗೆ ಬಂದುಬಿಡುತ್ತಿತ್ತು. ಅಂಥ ಮಾತನ್ನು ನಾನು ಮನೆಗೆ ಹೋದ ಮೇಲೂ ಹೇಳಿಕೊಳ್ಳುತ್ತಿದ್ದೆ. ಬರೆದವಳು ಯಾರೆಂದು ಕೇಳಿಕೊಂಡು ಹೋದೆ, ಹಾಗೆ ಪರಿಚಯವಾಯಿತು.

ಹಿತ್ತಲ ಮೆಟ್ಟಿಲ ಮೇಲೆ ಕೂತು ಇಬ್ಬರೂ ಒಂದೇ ಬುಟ್ಟಿಯಿಂದ ಅಂಟಕ್ಕಿ ಅನ್ನ ತಿನ್ನುತ್ತಿದ್ದೆವು. ನಾನು ಸಮುದ್ರದ ಕಡೆಯವಳು. ಅವಳ ಊರ ಮಾತು ನನಗೆ ಅರ್ಥವಾಗುತ್ತದೆಯೇ ಹೊರತು ನಾಲಿಗೆಗೆ ಬರುವುದಿಲ್ಲ. ಮೇಜಿನ ಹತ್ತಿರ ಬಾಯಿ ಹೊಲಿದುಕೊಂಡಿರುತ್ತಿದ್ದವಳು ನನ್ನ ಮುಂದೆ ಮಾತ್ರ ಆ ಮಾತು ಆಡುತ್ತಿದ್ದಳು. ಒಂದು ಮಧ್ಯಾಹ್ನ ಅನ್ನ ಉಂಡೆ ಕಟ್ಟುತ್ತಾ ಕಟ್ಟುತ್ತಾ ಕೈ ನಿಲ್ಲಿಸಿದಳು.

“ನಮ್ಮ ಆಯಿ ಬುನ್‌ಲಾ ಸೂಲಗಿತ್ತಿ ಇದ್ಲು ದೊಡ್ಡಮ್ಮ. ಸುತ್ತಲ ಊರಾಗಿನ ಅರ್ಧ ಮಂದಿ ಹೊಕ್ಕಳಬಳ್ಳಿ ಕೊಯ್ದಾಕಿ ಆಕೀನ. ಒಂದ್ ವರ್ಷ ಎಮ್ಮಿ ಸತ್ವು. ಆಮ್ಯಾಲೆ ಒಬ್ಬಾಕಿ ಬಾಣಂತಿ ಸತ್ಲು. ಅಷ್ಟ ನೋಡ್ರಿ. ಪೋಬ್ ಅಂದ್ರು.”

ಪೋಬ್ ಅಂದರೆ ಸತ್ತು ಅಲೆಯುವ ದೆವ್ವವಲ್ಲ. ಬದುಕಿದ್ದವರ ಮೈಯಲ್ಲಿ ಮನೆ ಮಾಡಿ, ಊರವರ ಕರುಳು ತಿನ್ನುವಂಥದ್ದು. ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿಯುತ್ತದೆ ಅನ್ನುತ್ತಾರೆ. ಮಂತ್ರವಾದಿ ಬಂದು ಬಾರುಕೋಲಿನಲ್ಲಿ ಬಾರಿಸಿ, ಅಜ್ಜಿ ಬುನ್‌ಲಾಳನ್ನು ಗದ್ದೆಯಾಚೆ ಹುತ್ತದ ಪಕ್ಕದ, ಕಂಬಗಳ ಮೇಲೆ ಕಟ್ಟಿದ ಗುಡಿಸಲಿಗೆ ಓಡಿಸಿದರಂತೆ. ಚಿಕ್ಕ ಫಿನ್ ಹೊತ್ತು ಮುಳುಗುವಾಗ ಕದ್ದು ಅಲ್ಲಿಗೆ ಹೋಗುತ್ತಿದ್ದಳು. ಮಗು ತನ್ನ ಹತ್ತಿರ ಬಂದಿದ್ದನ್ನು ಯಾರಾದರೂ ನೋಡಿಯಾರೆಂದು ಅಜ್ಜಿ ಕೆಳಗಿಳಿದು ಬರುತ್ತಲೇ ಇರಲಿಲ್ಲ. ಏಣಿಯ ಕೊನೇ ಮೆಟ್ಟಿಲ ಮೇಲೆ ಬಾಳೆಲೆಯಲ್ಲಿ ಒಂದು ಉಂಡೆ ಅನ್ನ ಇಟ್ಟಿರುತ್ತಿದ್ದಳು. ಮೇಲೆ ಕತ್ತಲಲ್ಲಿ ಕೂತು ಒಂದೇ ಒಂದು ಮಾತು ಹೇಳುತ್ತಿದ್ದಳಂತೆ, ಪ್ರತಿ ಸಂಜೆ ಅದೇ ಮಾತು.

“ಏನು ಮಾತು?” ಅಂತ ಕೇಳಿದೆ.

“ಅದು ನಂದು. ಕೊಡಂಗಿಲ್ಲ” ಅಂದಳು. ಯಾರಿಗೂ ಹೇಳಿರಲಿಲ್ಲ, ಬರೆದೂ ಇರಲಿಲ್ಲ.

ಅಜ್ಜಿ ಸತ್ತಾಗ ಹೆಣ ಹೊರಲು ಒಬ್ಬರೂ ಬರಲಿಲ್ಲ. ಆ ಕಥೆಯನ್ನು ಫಿನ್ ಧಾರಾವಾಹಿ ಮಾಡಿ ಬರೆದಿದ್ದಳು. ದೆವ್ವವಲ್ಲದ ಹೆಂಗಸನ್ನು ದೆವ್ವ ಅಂದ ಊರು, ಕೊನೆಯಲ್ಲಿ ಅವಳ ಮೆಟ್ಟಿಲ ಮುಂದೆ ಮಂಡಿಯೂರಿ ತಪ್ಪಾಯಿತು ಅನ್ನುತ್ತದೆ. “ಊರಾಗ ಎಲ್ಲಾರ ಮನಿಯಾಗೂ ಟೀವಿ ಐತಿ ದೊಡ್ಡಮ್ಮ. ಆ ಹೊತ್ತಿಗೆ ಎಲ್ಲಾರೂ ಅದರ ಮುಂದ ಕುಂತಿರ್ತಾರ. ಅವರು ಒಮ್ಮಿ ಆಕಿ ಹೆಸರು ಕೇಳಬೇಕು” ಅಂದಳು. ಅವಳಿಗೆ ಬೇಕಾಗಿದ್ದು ಅಷ್ಟೇ. ಅದಕ್ಕೇ ಅಜ್ಜಿಯ ನಿಜವಾದ ಹೆಸರನ್ನೇ ಇಟ್ಟಿದ್ದಳು.

ಅಜಾನ್ ವಿಮೊನ್ ಓದಿದರು. ಮೆಚ್ಚಿದರು. ಮೆಚ್ಚಿ, ನುಂಗಿಬಿಟ್ಟರು. ಒಂದು ತಿಂಗಳಲ್ಲಿ ಅದು ವಿಮೊನ್ ಅವರ ಹೊಸ ಧಾರಾವಾಹಿಯಾಯಿತು. ಬುನ್‌ಲಾ ಈಗ ನಿಜವಾಗಿಯೂ ಕರುಳು ತಿನ್ನುವವಳು. ಕೊನೆಯಲ್ಲಿ ಊರವರು ಅವಳನ್ನು ಗುಡಿಸಲ ಸಮೇತ ಸುಡುತ್ತಾರೆ. ಪಾತ್ರ ಯಾರಿಗೆ? ಇನ್ಯಾರಿಗೆ, ನನಗೇ!

ಫಿನ್ ಕೈಮುಗಿದುಕೊಂಡು ಹೋಗಿ, “ಹೆಸರಾದ್ರೂ ಬದಲಾಯಿಸಿ ಅಜಾನ್” ಅಂದಳು.

“ಯಾಕೆ? ಚೆನ್ನಾಗಿದೆ. ಹಳ್ಳಿ ವಾಸನೆ ಇದೆ ಅದ್ರಲ್ಲಿ.”

ಯಾಕೆಂದು ಹೇಳಿದರೆ ತಾನು ಪೋಬ್‌ನ ಮೊಮ್ಮಗಳು ಅಂತ ಮೇಜಿಗೆಲ್ಲ ಗೊತ್ತಾಗುತ್ತದೆ. ಅದು ಗೊತ್ತಾದ ಮೇಲೆ ಅವಳ ಪಕ್ಕ ಕೂತು ಅನ್ನ ತಿನ್ನುವವರು ಯಾರು? ಫಿನ್ ಇನ್ನೊಮ್ಮೆ ಕೈಮುಗಿದು ವಾಪಸು ಬಂದಳು.

ನಮ್ಮಲ್ಲಿ ಮುಹೂರ್ತದ ಪೂಜೆಯಿಲ್ಲದೆ ಕ್ಯಾಮೆರಾ ತಿರುಗುವುದಿಲ್ಲ. ಬಯಲಲ್ಲಿ ಮೇಜು ಹಾಕಿ, ಹಂದಿಯ ತಲೆ, ಬೇಯಿಸಿದ ಕೋಳಿ, ಹಣ್ಣು ಹಂಪಲು, ಜೊತೆಗೆ ಬರೆದ ಹಾಳೆಗಳನ್ನೂ ಇಡುತ್ತಾರೆ. ಬಿಳಿ ಬಟ್ಟೆಯ ಪುರೋಹಿತರು ಕೆಲಸ ಮಾಡುವವರ ಹೆಸರೆಲ್ಲ ಓದಿ, ಇವರನ್ನು ಕಾಪಾಡಿ ಅಂತ ದೇವತೆಗಳನ್ನು ಕೇಳುತ್ತಾರೆ. ನಿರ್ಮಾಪಕರಿಂದ ಹಿಡಿದು ವ್ಯಾನ್ ಡ್ರೈವರ್‌ವರೆಗೆ. ಫಿನ್ ಹೆಸರು ಅದರಲ್ಲಿ ಯಾವತ್ತೂ ಇರಲಿಲ್ಲ. ದೆವ್ವದ ಕಥೆಯಾದರೆ ಇನ್ನೊಂದು ಕ್ರಮವಿದೆ. ದೆವ್ವದ ಹೆಸರು ಹಿಡಿದು ಕರೆದು ಒಂದು ತಟ್ಟೆ ಅನ್ನ ಇಡಬೇಕು. ಅದು ಯಾರದೂ ಅಲ್ಲದ, ಕಟ್ಟಿದ ಹೆಸರಾಗಿರಬೇಕು. ಯಾರದೂ ಅಲ್ಲದ ಹೆಸರಿಗೆ ಯಾರೂ ಬರುವುದಿಲ್ಲ, ವೇಷ ಹಾಕುವವರಿಗೆ ಅಪಾಯವಿಲ್ಲ. ಆದ್ದರಿಂದ ಪುರೋಹಿತರು ಬರೆದವರನ್ನೇ ನಿಲ್ಲಿಸಿ ಕೇಳುತ್ತಾರೆ.

“ಈ ಹೆಸರು ಯಾರದ್ದು?”

ಅಜಾನ್ ವಿಮೊನ್ ರೇಷ್ಮೆ ಸರಿಮಾಡಿಕೊಂಡು, ಊದುಬತ್ತಿ ಹಿಡಿದು, “ಯಾರದ್ದೂ ಅಲ್ಲ. ನಾನೇ ಹುಟ್ಟಿಸಿದ್ದು” ಅಂದರು.

ಆ ಹೆಂಗಸು ಅಲ್ಲಿ ನಿಜ ಹೇಳಿದ್ದರೆ, ‘ನನಗೆ ಗೊತ್ತಿಲ್ಲ, ಫಿನ್ ಬರೆದಿದ್ದು’ ಅಂದಿದ್ದರೆ ಬೇರೆ ಹೆಸರು ಇಡಿಸುತ್ತಿದ್ದರು, ಮುಗಿದು ಹೋಗುತ್ತಿತ್ತು! ಪುರೋಹಿತರು ಅನ್ನದ ತಟ್ಟೆಯ ಕಡೆ ತಿರುಗಿ ಕರೆದರು: “ಬುನ್‌ಲಾ, ಯಸೋತೊನ್‌ನ ಬುನ್‌ಲಾ, ಬಾ. ಬಂದು ಉಣ್ಣು.”

ಗಾಳಿ ಇರಲಿಲ್ಲ. ಊದುಬತ್ತಿಯ ಹೊಗೆ ನೆಟ್ಟಗೆ ಹೋಗುತ್ತಿದ್ದದ್ದು ಮುರಿದು ಪಕ್ಕಕ್ಕೆ ಸರಿಯಿತು, ಯಾರೋ ನಡುವೆ ಹಾದು ಬಂದ ಹಾಗೆ. ಎಲೆಅಡಿಕೆಯ ವಾಸನೆ ಬಂತು. ಜನ ಕರಗಿದ ಮೇಲೆ ನಾನು ಆ ತಟ್ಟೆ ನೋಡಿದೆ. ಅನ್ನದ ಒಂದು ಮೂಲೆಯಲ್ಲಿ ಬೆರಳಲ್ಲಿ ಚಿವುಟಿದ ಗುಳಿಯಿತ್ತು. ಫಿನ್ ಕೂಡ ನೋಡಿದಳು.

“ಬಂದಾಳ” ಅಂದಳು ಮೆಲ್ಲಗೆ. “ಸುಡೂದಕ್ಕ ಕರದೀವಿ ದೊಡ್ಡಮ್ಮ ಆಕೀನ. ಉಣ್ಣಾಕ ಬಾ ಅಂತ ಸುಳ್ಳು ಹೇಳಿ ಕರದೀವಿ.”

ನಗರದಾಚೆ, ನೊಂಗ್‌ಚೊಕ್ ಕಡೆಯ ಗದ್ದೆ ಬಯಲಲ್ಲಿ ಗುಡಿಸಲ ಸೆಟ್ ಹಾಕಿದ್ದರು. ಈಸಾನ್ ಮಾತು ತಿದ್ದಲು ಫಿನ್‌ಳನ್ನೂ ಅಲ್ಲಿಗೆ ಕಳಿಸಿದ್ದರು. ಹಳ್ಳಿಯವರ ಪಾತ್ರಕ್ಕೆ ಕಟ್ಟಡದ ಕೂಲಿಯವರ ಶೆಡ್ಡುಗಳಿಂದ ತನ್ನ ಕಡೆಯ ಜನರನ್ನು ಕರೆತಂದವಳೂ ಅವಳೇ. ಇಷ್ಟು ವರ್ಷ ದೆವ್ವದ ವೇಷ ಹಾಕಿದ ನನಗೆ ಹೆದರಿಕೆ ಅಂದರೆ ಏನೆಂದು ಅಲ್ಲಿ ಗೊತ್ತಾಯಿತು. ದೆವ್ವ ಏನೂ ಮಾಡಲಿಲ್ಲ, ಅದೇ ಹೆದರಿಕೆ. ಲೈಟು ಬೀಳಲಿಲ್ಲ, ಯಾರ ಕಾಲೂ ಮುರಿಯಲಿಲ್ಲ. ನನ್ನ ಕುರ್ಚಿಯ ಪಕ್ಕ ದಿನಾ ಕೆಂಪಗೆ ಎಲೆಅಡಿಕೆ ಉಗಿದ ಗುರುತು ಇರುತ್ತಿತ್ತು. ನಮ್ಮಲ್ಲಿ ಎಲೆ ಹಾಕುವವರು ಒಬ್ಬರೂ ಇರಲಿಲ್ಲ. ಹಗ್ಗದ ಮೇಲೆ ಒಣಗಿಸಿದ್ದ ನನ್ನ ವೇಷದ ಉಡುಗೆಯ ಅಂಚು ಬೆಳಿಗ್ಗೆ ಹಸಿ ಕೆಸರಾಗಿರುತ್ತಿತ್ತು, ಗದ್ದೆಯಲ್ಲಿ ಯಾರೋ ಉಟ್ಟು ಓಡಾಡಿದ ಹಾಗೆ. ಕನ್ನಡಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ನನ್ನ ಹಿಂದೆ ಯಾರೋ ಕುಕ್ಕರುಗಾಲಲ್ಲಿ ಕೂತಿದ್ದಾರೆ ಅನ್ನಿಸುತ್ತಿತ್ತು. ತಿರುಗಿದರೆ ಖಾಲಿ.

ಹೊತ್ತು ಮುಳುಗುವಾಗ ಏಣಿಯ ಕೊನೇ ಮೆಟ್ಟಿಲ ಮೇಲೆ ಬಾಳೆಲೆಯಲ್ಲಿ ಒಂದು ಉಂಡೆ ಅನ್ನ ಇರುತ್ತಿತ್ತು. ಸೆಟ್ಟಿನ ಹುಡುಗರು ನಾನು ಇಟ್ಟೆ ಅಂದುಕೊಂಡರು, ನಾನು ಅವರು ಇಟ್ಟರು ಅಂದುಕೊಂಡೆ. ಒಂದು ಸಂಜೆ ಮುಟ್ಟಿ ನೋಡಿದೆ. ಬಿಸಿ ಇತ್ತು! ಸುತ್ತ ಗದ್ದೆ ಬಿಟ್ಟರೆ ಒಲೆಯಿಲ್ಲ, ಮನೆಯಿಲ್ಲ. ಫಿನ್ ದೂರದಿಂದ ಆ ಅನ್ನವನ್ನೇ ನೋಡುತ್ತಾ ನಿಂತಿರುತ್ತಿದ್ದಳು. ಹತ್ತಿರ ಹೋಗುತ್ತಿರಲಿಲ್ಲ.

“ಹೋಗಿ ತಿನ್ನೇ ಮಾರಾಯ್ತಿ. ನಿನಗೇ ಅಲ್ವಾ ಇಡ್ತಿರೋದು” ಅಂದೆ.

“ಹೆಂಗ್ ತಿನ್ನಲಿ? ಆಕಿ ಯಾರಂತ ಹೇಳಾಕ ನನಗ ಧೈರ್ಯ ಇಲ್ಲ. ಹೇಳದ ತಿಂದ್ರ ಅದು ಕಳವು ಆಗ್ತದ.”

ಕೊನೆಯ ದೃಶ್ಯದ ಹಿಂದಿನ ದಿನ ಅವಳು ಇನ್ನೊಮ್ಮೆ ಅಜಾನ್ ಹತ್ತಿರ ಹೋದಳು. ಸುಡುವುದು ಬೇಡ, ಊರವರು ಕ್ಷಮೆ ಕೇಳಲಿ ಅಂದಳು.

“ಕ್ಷಮೆ ಕೇಳಿದ್ರೆ ಯಾರು ನೋಡ್ತಾರಮ್ಮ?” ಅಂದರು ಅಜಾನ್. “ನೋಡು ಫಿನ್, ನಿಮ್ಮ ಕಡೆಯವರ ಮೇಲೆ ನಿನಗೆ ಪ್ರೀತಿ, ಸರಿ. ಆದ್ರೆ ಪೋಬ್ ಪೋಬೇ. ನೀನು ಅಡುಗೆಮನೆ ನೋಡ್ಕೊ.”

ಮಾರನೇ ದಿನ ಅಜಾನ್ ತಾವೇ ಸೆಟ್ಟಿಗೆ ಬಂದು ಛತ್ರಿ ಕೆಳಗೆ ಕೂತರು. ಸೂರ್ಯ ಕೆಂಪಾದಾಗ ಚಿತ್ರೀಕರಣ ಶುರು. ನಾನು ಗುಡಿಸಲ ಬಾಗಿಲಲ್ಲಿ, ಬಾಯಿ ತುಂಬ ಕೆಂಪು ನೀರು. ಕೆಳಗೆ ದೊಂದಿ ಹಿಡಿದ ಕೂಲಿಯವರು. ಮುಂದೆ ಬಾರುಕೋಲು ಹಿಡಿದ ಒಬ್ಬ ಗಟ್ಟಿಮುಟ್ಟಾದ ಯುವಕ, ಹೆಸರು ಸೊಂಬುನ್, ಗಾರೆ ಕೆಲಸದವನು. ನಾನು ಕಿರುಚಬೇಕು, ‘ನಿಮ್ಮ ಮಕ್ಕಳ ಕರುಳೆಲ್ಲ ತಿಂದೆ’ ಅಂತ ಶಪಿಸಬೇಕು, ಅವನು ಹೊಡೆಯಬೇಕು, ಬೆಂಕಿ ಇಡಬೇಕು. ನಿರ್ದೇಶಕ ಆಕ್ಷನ್ ಅಂದ.

ನಾನು ಬಾಯಿ ತೆರೆದೆ. ಕಿರುಚಲಾಗಲಿಲ್ಲ. ಮೈ ಹಗುರಾಯಿತು, ನನ್ನ ಹಳೇ ಮಂಡಿ ನೋವು ಎಲ್ಲಿ ಹೋಯಿತೋ. ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಬಾಯಲ್ಲಿದ್ದ ಬಣ್ಣದ ನೀರು ಎಲೆಅಡಿಕೆಯ ರುಚಿಗೆ ತಿರುಗಿತು. ನನ್ನ ನಾಲಿಗೆಗೆ ಯಾವತ್ತೂ ಹತ್ತದ ಮಾತು ಸಲೀಸಾಗಿ ಹೊರಗೆ ಬಂತು. ನನ್ನ ಕಿವಿಯಿಂದಲೇ ಕೇಳಿದೆ, ಬೇರೆಯವರದ್ದನ್ನು ಕೇಳಿದ ಹಾಗೆ.

“ಹೊಡಿಯಪ್ಪಾ ಸೊಂಬುನ್. ಕೈ ಯಾಕ ನಡಗಸ್ತಿ? ಕೊರಳಿಗೆ ಬಳ್ಳಿ ಸುತ್ತಿಕೊಂಡು ನೀಲಿ ಆಗಿ ಹುಟ್ಟಿದ್ದಿ ನೀ. ಬಾಯಿಗೆ ಬಾಯಿ ಹಚ್ಚಿ ಉಸುರು ಊದೀನಿ. ಅದ ಉಸುರಿಲೆ ನಿಂತೀಯಲ್ಲ ಈಗ. ಹೊಡಿ.”

ಸೊಂಬುನ್‌ನ ಕೈಯಿಂದ ಬಾರುಕೋಲು ಜಾರಿತು. ಆಮೇಲೆ ತಿಳಿಯಿತು, ಅವನು ಬುನ್‌ಲಾ ಇದ್ದ ಊರಿನ ಪಕ್ಕದೂರಿನವನು. ನೀಲಿಗಟ್ಟಿ ಹುಟ್ಟಿದವನನ್ನು ಒಬ್ಬ ಸೂಲಗಿತ್ತಿ ಉಳಿಸಿದಳೆಂದು ಅವನ ತಾಯಿ ಹೇಳುತ್ತಿದ್ದಳಂತೆ. ಅವಳ ಹೆಸರು ಮಾತ್ರ ಎಂದೂ ಹೇಳಿರಲಿಲ್ಲ. ಪೋಬ್‌ನ ಹೆಸರು ಯಾರು ಹೇಳುತ್ತಾರೆ? ಅವನು ಕೆಸರಲ್ಲಿ ಮಂಡಿಯೂರಿ, ತಲೆ ನೆಲಕ್ಕೆ ಹಚ್ಚಿ, “ತಪ್ಪಾತಬೇ ಆಯಿ” ಅಂತ ಹೋ ಎಂದು ಅತ್ತ. ಹಿಂದಿದ್ದವರು ಒಬ್ಬೊಬ್ಬರಾಗಿ ದೊಂದಿ ಕೆಳಗಿಟ್ಟು ಕೂತರು. ಯಾರೂ ಕಟ್ ಅನ್ನಲಿಲ್ಲ. ಕ್ಯಾಮೆರಾ ತಿರುಗುತ್ತಲೇ ಇತ್ತು.

ನನ್ನ ಕುತ್ತಿಗೆ ತಾನಾಗಿ ತಿರುಗಿತು. ಕ್ಯಾಮೆರಾದ ಹಿಂದೆ, ಕೇಬಲ್ಲುಗಳ ನಡುವೆ ನಿಂತಿದ್ದ ಫಿನ್ ಮೇಲೆ ಕಣ್ಣು ಹೋಯಿತು.

“ಫಿನ್, ಅನ್ನ ಐತಿ. ಉಂಡು ಹೋಗು. ಹಿಂದ ತಿರುಗಿ ನೋಡಬ್ಯಾಡ.”

ಹುಡುಗಿ ಬಾಯಿಗೆ ಕೈ ಒತ್ತಿಕೊಂಡಳು. ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಮಾತು ಅದು.

“ಏನಿದು? ಇದ್ಯಾರು ಬರೆದಿದ್ದು?” ಅಜಾನ್ ಛತ್ರಿ ಬಿಟ್ಟು ಎದ್ದು ನಿಂತಿದ್ದರು. “ಯಾರು ಬರೆದಿದ್ದು ಅಂತ ಕೇಳಿದೆ!”

ಫಿನ್ ಮುಂದೆ ಬಂದಳು. ಮೇಜಿನ ಹತ್ತಿರ ಆಡುವ ಬ್ಯಾಂಕಾಕಿನ ಮಾತು ಬಿಟ್ಟು, ತನ್ನ ಊರ ಮಾತಲ್ಲಿ, ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದಳು. “ಯಾರೂ ಬರದಿಲ್ಲರಿ. ಆಕಿ ಬುನ್‌ಲಾ, ನಮ್ಮ ಆಯಿ. ಪೋಬ್ ಅಂತ ಊರ ಬಿಡಿಸಿದ್ರು, ಪೋಬ್ ಅಲ್ಲ ಆಕಿ. ನಾ ಆಕಿ ಮೊಮ್ಮಗಳು.”

ಜನ ಹಿಂದೆ ಸರಿದರು. ಮೇಜಿನ ಹುಡುಗಿಯೊಬ್ಬಳು ಕೊರಳ ತಾಯಿತ ಹಿಡಿದುಕೊಂಡಳು. ಫಿನ್ ಆ ಖಾಲಿಯಾದ ದಾರಿಯಲ್ಲಿ ನಡೆದು ಬಂದು, ಕೊನೇ ಮೆಟ್ಟಿಲ ಹತ್ತಿರ ಕೂತು, ಬಾಳೆಲೆ ಬಿಚ್ಚಿ, ಆ ಅನ್ನ ಪೂರ್ತಿ ತಿಂದಳು. ಎದ್ದು, ಹಿಂದೆ ತಿರುಗದೆ ಗದ್ದೆಯ ಬದುವಿನ ಮೇಲೆ ಹೋದಳು. ನನ್ನ ಮಂಡಿ ನೋವು ಆಗ ವಾಪಸು ಬಂತು.

ಆ ದೃಶ್ಯವನ್ನು ಮತ್ತೆ ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ. ಇದ್ದ ಹಾಗೆಯೇ ಟೀವಿಗೆ ಹೋಯಿತು, ದೇಶವೇ ಅತ್ತಿತು. ಅಜಾನ್ ವಿಮೊನ್‌ಗೆ ಪೂಜೆಯ ದಿನ ಆಡಿದ ಸುಳ್ಳಿನ ಭಯ ಹಿಡಿದಿತ್ತು. ವಿಹಾರಕ್ಕೆ ಹೋಗಿ ಭಿಕ್ಷುಗಳಿಗೆ ವಸ್ತ್ರ ಕೊಟ್ಟರು, ಕೊನೆಯ ಕಂತಿನಲ್ಲಿ ದೊಡ್ಡ ಅಕ್ಷರದಲ್ಲಿ ‘ಮೂಲ ಕಥೆ: ಯಸೋತೊನ್‌ನ ಬುನ್‌ಲಾ’ ಅಂತ ಹಾಕಿಸಿದರು. ಕೆಳಗೆ ‘ಬರೆದವರು: ವಿಮೊನ್’. ಫಿನ್ ಹೆಸರು ಎಲ್ಲೂ ಇರಲಿಲ್ಲ. ಸತ್ತವಳಿಗೆ ಹೆದರಿ ಹೆಸರು ಕೊಟ್ಟರು ನೋಡಿ, ಬದುಕಿದ್ದವಳಿಗೆ ಹೆದರುವುದೇನಿದೆ! ನನಗೆ ಮೈಯೆಲ್ಲ ಉರಿದುಹೋಯಿತು.

ಚಿತ್ರೀಕರಣ ಮುಗಿದು ಮೇಜಿಗೆ ವಾಪಸು ಬಂದ ಫಿನ್‌ಳನ್ನು ಯಾರೂ ಹೋಗು ಅನ್ನಲಿಲ್ಲ. ಅವಳ ತಟ್ಟೆ ಬೇರೆ ತೊಳೆದರು, ಅವಳ ಕುರ್ಚಿ ಅಡುಗೆಮನೆಯೊಳಗೆ ಹೋಯಿತು. ಅಷ್ಟಕ್ಕೇ ಅವಳು ಗಂಟುಮೂಟೆ ಕಟ್ಟಿ ಊರಿಗೆ ಹೋದಳು. ಅಲ್ಲಿಂದ ಫೋನ್ ಮಾಡಿದಳು.

“ಊರಾಗ ನಾಕ್ ಮಂದಿ ಆಯಿ ಹೆಸರಿಲೆ ವಿಹಾರದಾಗ ಅನ್ನ ಇಟ್ರು ದೊಡ್ಡಮ್ಮ. ಹೆಣ ಹೊರಾಕ ಬರಲಾರದ ಮಂದಿ.” ಅಳುತ್ತಿದ್ದಳೋ ನಗುತ್ತಿದ್ದಳೋ.

“ನಿನ್ನ ಹೆಸರು ಹಾಕಲಿಲ್ವಲ್ಲೇ.”

“ನಂದೇನ್ರಿ. ನಾ ಇನ್ನೂ ಜೀವಂತ ಅದೀನಲ್ಲ” ಅಂದಳು.

ಮುಂದಿನ ಮಳೆಗಾಲಕ್ಕೆ ಅಜಾನ್ ಅವರ ಹೊಸ ಧಾರಾವಾಹಿ. ನಾನು ಮತ್ತೆ ಕೆಲಸದವಳು. ಹಾಳೆ ತಿರುವುತ್ತಿದ್ದೆ, ಒಂದು ಸಾಲು ಕಣ್ಣಿಗೆ ಬಿತ್ತು. ನೆಲ ಒರೆಸುತ್ತಾ ನಾನು ಯಜಮಾನಿಗೆ ಹೇಳಬೇಕು: ‘ನಮ್ಮೂರ ಹುಣಸೆಮರ ಹೂಬಿಟ್ಟಿರಬೇಕಮ್ಮ.’ ಈ ಸಲ ಅಜಾನ್‌ಗೆ ಅದನ್ನು ಹೊಡೆದುಹಾಕುವ ಧೈರ್ಯ ಬಂದಿರಲಿಲ್ಲ. ಫಿನ್‌ಗೆ ಫೋನ್ ಮಾಡಿದೆ. ಹೌದಂತೆ, ಊರಿಂದಲೇ ಬರೆದು ಕಳಿಸುತ್ತಾಳಂತೆ. ಅಜಾನ್ ಷರತ್ತು, ಮೇಜಿನ ಹತ್ತಿರ ಬರಕೂಡದಂತೆ, ಬರೆಯುತ್ತಿರುವುದು ಅವಳು ಅಂತ ಯಾರಿಗೂ ಗೊತ್ತಾಗಕೂಡದಂತೆ. ಹೊಟ್ಟೆಪಾಡು, ಏನು ಮಾಡುತ್ತಾಳೆ?

ಮುಹೂರ್ತದ ಪೂಜೆಯ ದಿನ ಪುರೋಹಿತರು ಎಲ್ಲರ ಹೆಸರೂ ಓದಿದರು, ವ್ಯಾನ್ ಡ್ರೈವರ್‌ವರೆಗೆ. ಮುಗಿಯಿತು ಅನ್ನುವಾಗ ನಾನು ಎದ್ದೆ. ತಟ್ಟೆಯೊಂದಕ್ಕೆ ಅಂಟಕ್ಕಿ ಅನ್ನ ಹಾಕಿ, ಊದುಬತ್ತಿ ಹಚ್ಚಿ, ಸತ್ತವರನ್ನು ಕರೆಯುವ ರಾಗದಲ್ಲಿ ಗಂಟಲು ಬಿಟ್ಟು ಕರೆದೆ.

“ಸೈಫಿನ್! ಯಸೋತೊನ್‌ನ ಸೈಫಿನ್! ಬಾ, ಬಂದು ಉಣ್ಣು!”

ಊದುಬತ್ತಿಯ ಹೊಗೆ ನೆಟ್ಟಗೆ ಹೋಗುತ್ತಿತ್ತು. ಎಲ್ಲರ ಕಣ್ಣೂ ಅದು ಯಾವಾಗ ಮುರಿಯುತ್ತದೋ ಎಂದು ಅದರ ಮೇಲೇ ನೆಟ್ಟಿತ್ತು. ಅಜಾನ್ ಕೈಯಲ್ಲಿದ್ದ ಹೂವು ಕೆಳಗೆ ಬಿತ್ತು.

“ನಿಮಗೇನು ತಲೆ ಕೆಟ್ಟಿದೆಯಾ ಸಂಗ್ವಾನ್?” ಅವರ ದನಿ ಕೀರಲಾಗಿತ್ತು. “ಬಿಡ್ತು ಅನ್ನಿ! ಆ ಹುಡುಗಿ ಬದುಕಿದಾಳೆ! ನಿನ್ನೆ ತಾನೇ ಮುಂದಿನ ಕಂತು ಕಳ್ಸಿದ್ಲು!”

ಅಂದ ಮೇಲೆ ತಾವು ಅಂದದ್ದೇನೆಂದು ಅವರಿಗೆ ಗೊತ್ತಾಯಿತು. ನಿರ್ಮಾಪಕರು, ನಿರ್ದೇಶಕರು, ಮೇಜಿನ ಹುಡುಗ ಹುಡುಗಿಯರು ಎಲ್ಲರೂ ಅವರನ್ನೇ ನೋಡುತ್ತಿದ್ದರು. ಪುರೋಹಿತರು ಮಡಚಿಟ್ಟಿದ್ದ ಹಾಳೆಯನ್ನು ಮತ್ತೆ ಬಿಚ್ಚಿ, ಕನ್ನಡಕ ಏರಿಸಿಕೊಂಡು, ಪೆನ್ನು ತೆಗೆದರು.

“ಬದುಕಿರೋರ ಸಾಲಿನಲ್ಲೇ ಬರ್ಕೊಳ್ಳಲಾ ಹಾಗಾದ್ರೆ?” ಅಂತ ಅಜಾನ್ ಅವರನ್ನು ಕೇಳಿದರು.